ಹಂಪಯ್ಯ ಮಾಸ್ತರರು ಜೋಳ ಬೀಸಿದ್ದು

"ಒಂದು ಸೇರು ಜೋಳ ಬೀಸೂದು ಏನ್ ಮಹಾ! ಎಲ್ಲಾ ಸ್ನಾಯುಗಳ ಕರಾಮತ್ತು!" ಎಂದು ಘೋಷಿಸಿ ಹಂಪಯ್ಯ ಮಾಸ್ತರರು ಬರೀ ಬನಿಯನ್ನಿನಲ್ಲಿ ಬೀಸುಕಲ್ಲಿನ ಮುಂದೆ ಪ್ರತಿಷ್ಠಾಪನೆಗೊಂಡಾಗ ಬೆಳಗಿನ ಏಳು ಗಂಟೆ.

ಮಾನ್ವಿಯಲ್ಲಿ ಮೂರು ದಿನದಿಂದ ಕರೆಂಟಿಲ್ಲ, ಗಿರಣಿ ಬಂದ್. ಅವರ ಹೆಂಡತಿ ಗೋಪಮ್ಮ ಎದುರು ಮನೆಯ ವಾಹಿದಾಳ ಜೋಡಿ ಕೂತು ಬೀಸುತ್ತಿದ್ದಳು. ಇವತ್ತು ವಾಹಿದಾ ತವರಿಗೆ ಹೋಗಿದ್ದಳು.

"ಹನ್ನೊಂದಕ್ಕ ಸಾಲಿಗೆ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರ. ಸುಮ್ನ ಕುಂದರ್ರಿ," ಎಂದಳು ಗೋಪಮ್ಮ.

"ಅದಕ್ಕಽ ಮತ್ತ! ಇವತ್ತಿನ ಮಾದರಿ ಪಾಠ ಯಾವುದು? ಮೊಣಕೈ ಹ್ಯಾಂಗ ಮಡಚ್ತದ ಅಂತ! ಸಾಹೇಬ್ರು ಮೆಚ್ಚಿದ್ರ ರಾಯಚೂರು ಶಿಬಿರದಾಗ ನೂರು ಮಾಸ್ತರಗೋಳಿಗೆ ಪಾಠ ಹೇಳಾಂವ ನಾನಽ! ಕೇಳು, ಸ್ನಾಯು ಎಳೀತದ, ನೂಕೂದಿಲ್ಲ. ತೋಳಿನ ಮುಂದಿಂದು ಎಳದ್ರ ಕೈ ಮಡಚ್ತದ. ಹಿಂದಿಂದು ಎಳದ್ರ ನೆಟ್ಟಗಾಗ್ತದ. ಒಂದು ಎಳಿಯುವಾಗ ಇನ್ನೊಂದು ಸಡ್ಲ ಬಿಡಬೇಕು."

"ನಾನೂ ವಾಹಿದಾನೂ ಮಾಡೂದು ಅದನ್ನ ಅಲ್ಲೇನ್ರಿ? ಆಕಿ ಎಳದಾಗ ನಾ ಬಿಡ್ತೀನಿ, ನಾ ಎಳದಾಗ ಆಕಿ ಬಿಡ್ತಾಳ."

"ಅದು ರೂಢಿ. ಇದು ವಿಜ್ಞಾನ!"

ವಿಜ್ಞಾನ ಗೂಟ ಹಿಡಿದು ಎಳೆಯಿತು. ಕಲ್ಲು ಗುಡುಗುಡು ಅಂತ ಅರ್ಧ ಸುತ್ತು ಬಂತು! ಇನ್ನರ್ಧ ಗೋಪಮ್ಮನ ಪಾಳಿ. ಬೀಸುವ ಹೆಂಗಸಿನ ಕೈಗೆ ಇಡೀ ಬೆಳಗಿನಲ್ಲಿ ಸಿಗುವ ವಿಶ್ರಾಂತಿ ಅಂದರೆ ಎದುರಿನವಳು ಎಳೆಯುವ ಆ ಅರ್ಧ ಸುತ್ತು. ಮಾಸ್ತರರಿಗೆ ಅದೂ ಬೇಡ. ಬಿಟ್ಟರೆ ಸೋತ ಹಾಗೆ! ಆಕೆ ಎಳೆದಳು, ಇವರೂ ಎಳೆದರು. ಕಲ್ಲು ಮಾತ್ರ ಕದಲಲಿಲ್ಲ.

"ಬಿಡ್ರೀ, ನನ್ನ ಪಾಳಿ!"

"ನೀ ಬಿಡು! ಗಂಡಸಿನ ಕೈ ಇದು, ಒಮ್ಮೆ ಹಿಡದ್ರ ಬಿಡೂದಿಲ್ಲ!"

"ಹಂಗಾರ ನಿಮ್ಮ ಖುಷಿ," ಎಂದು ಗೋಪಮ್ಮ ಕೈ ಬಿಟ್ಟಳು.

ಗೂಟ ಕಿತ್ತು ಬಂತು! ಗೂಟದ ಸಮೇತ ಮಾಸ್ತರರು ಹಿಂದಕ್ಕೆ ಹಾರಿ ನಿನ್ನೆಯ ಹಿಟ್ಟಿನ ಬುಟ್ಟಿಯಲ್ಲಿ ಅವತರಿಸಿದರು. ತಲೆ, ಮೀಸೆ, ಹುಬ್ಬು ಎಲ್ಲ ಬಿಳಿ. ಒಂದೇ ಏಟಿಗೆ ನಿವೃತ್ತಿಯ ವಯಸ್ಸು! ಗೋಪಮ್ಮನಿಗೆ ಬಂದ ನಗು ಅಲ್ಲೇ ನಿಂತಿತು. ಮಾಸ್ತರರ ಬಲತೋಳಿನ ಮುಂದಿನ ಸ್ನಾಯು ನಿಂಬೆಹಣ್ಣಿನಂತೆ ಗಂಟುಕಟ್ಟಿ, ಮುಷ್ಟಿ ಕಿವಿಯ ಹತ್ತಿರ ನಿಂತುಬಿಟ್ಟಿತ್ತು.

"ಯವ್ವಾ, ಸತ್ತೆ! ನನ್ನ ಪಾಠ!"

ಆಕೆ ಎಣ್ಣೆ ಕಾಸಿ ತಿಕ್ಕಿದಳು. ತಿಕ್ಕುವಷ್ಟು ಹೊತ್ತು ಕೈ ಸಡಿಲ, ಬಿಟ್ಟ ತಕ್ಷಣ ಟಕ್ಕನೆ ಕಿವಿಗೆ! ಕೊನೆಗೆ ಎಣ್ಣೆ ಬಟ್ಟಲು ಹಿಡಿದು ಗೋಪಮ್ಮನೂ ಶಾಲೆಗೆ ಹೊರಟಳು. ದಾರಿಯಲ್ಲಿ ಪೋತ್ನಾಳ ಬಸ್ಸಿನ ಕಂಡಕ್ಟರ್, ಮಾಸ್ತರರು ಸೆಲ್ಯೂಟ್ ಹೊಡೆದರೆಂದು ತಾನೂ ಒಂದು ಹೊಡೆದ!

ಹನ್ನೊಂದಾಯಿತು. ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತರು. ಮಾಸ್ತರರು ಎಡಗೈಯಿಂದ ಹಲಗೆಯ ಮೇಲೆ ಬರೆದ ತೋಳು ಬದನೆಕಾಯಿಯ ಹಾಗೆ ಕಾಣುತ್ತಿತ್ತು.

"ಚಿತ್ರ ಸಾಕು. ಕೈ ನೆಟ್ಟಗ ಮಾಡಿ ತೋರಿಸ್ರಿ," ಎಂದರು ಸಾಹೇಬರು.

ಮಾಸ್ತರರು ಹಲ್ಲು ಕಚ್ಚಿದರು. ಬೆವರು ಇಳಿಯಿತು, ಕೈ ಇಳಿಯಲಿಲ್ಲ. ರಾಯಚೂರಿನ ಶಿಬಿರ ಕಣ್ಣೆದುರೇ ದೂರ ಸರಿಯತೊಡಗಿತು! ಬಾಗಿಲಲ್ಲಿದ್ದ ಗೋಪಮ್ಮನಿಗೆ ತಡೆಯಲಾಗಲಿಲ್ಲ. ಸೀದಾ ಒಳಗೆ ಬಂದು ಗಂಡನ ತೋಳು ಹಿಡಿದಳು.

"ನೋಡ್ರವ್ವಾ, ನೋಡ್ರಪ್ಪಾ! ಇದು ಮುಂದಿಂದು. ಹಟ ಹಿಡದು ಎಳಿಯಾಕತ್ತದ, ಬಿಡವಲ್ದು. ಹಿಂದಿಂದು ಪಾಪ ಎಷ್ಟು ಎಳದ್ರೇನು? ಎರಡೂ ಎಳದ್ರ ಕೀಲು ನಿಂತಲ್ಲೇ ನಿಲ್ತದ. ಈಗ ಮುಂದಿಂದನ್ನ ಸಡ್ಲ ಮಾಡ್ತೀನಿ…"

"ಯಪ್ಪಾ!" ಎಂದರು ಮಾಸ್ತರರು. ಕೈ ನೆಟ್ಟಗಾಯಿತು! ಆಕೆ ಬಿಟ್ಟಳು. ಮತ್ತೆ ಕಿವಿಗೆ!

"ಇನ್ನೊಮ್ಮೆ, ಇನ್ನೊಮ್ಮೆ!" ಇಡೀ ತರಗತಿ ಬೆಂಚಿನ ಮೇಲೆ ನಿಂತಿತು. ಕೈ ಏಳು ಸಲ ನೆಟ್ಟಗಾಯಿತು, ಏಳು ಸಲ ಮಡಚಿಕೊಂಡಿತು. ಮಾಸ್ತರರು ಹದಿನಾಲ್ಕು ಸಲ ಕೂಗಿದರು. ಸಾಹೇಬರು ಕನ್ನಡಕ ಸರಿಪಡಿಸಿಕೊಂಡು ಬರೆದದ್ದೇ ಬರೆದದ್ದು!

ಅವರು ಹೋದ ಮೇಲೆ ಮಾಸ್ತರರು ಎಡಗೈಯಿಂದ ತಪಾಸಣಾ ಪುಸ್ತಕ ತೆರೆದರು. ಗೋಪಮ್ಮನೂ ಬಗ್ಗಿ ಓದಿದಳು:

"ಶಿಬಿರದಲ್ಲಿ ಪಾಠ ಹೇಳಲು ಶ್ರೀಮತಿ ಗೋಪಮ್ಮನವರನ್ನು ಶಿಫಾರಸು ಮಾಡಿದೆ. ಅವರ ಪಾಠೋಪಕರಣ ಮನೆಯಲ್ಲೇ ತಯಾರಾದದ್ದು, ಉತ್ತಮವಾಗಿದೆ. ಒಂದೇ ಕೊರತೆ: ಬಹಳ ಕೂಗುತ್ತದೆ."