ಗುಪ್ತಹೇರ ಮಂಡಳದ ಟೀವಿ

ಚಿಕ್ಕೋಡಿಯ ಜಯಪಾಲ ಮಗದುಮ್ಮ ಅವರಿಗೆ ಜೀವನದಲ್ಲಿ ಒಂದೇ ಒಂದು ಕೊರಗು. ಏಜೆಂಟ್ ಬಾವನ್ನನ ಸಿನೆಮಾ ತೆಗೆಯುವವರು ಒಮ್ಮೆಯೂ ತಮ್ಮನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂಬುದೇ ಆ ಕೊರಗು. ಮೂವತ್ನಾಲ್ಕು ವರ್ಷಗಳಲ್ಲಿ ಹದಿನಾಲ್ಕು ಭಾಗ ಬಂದವು, ಮೂವರು ನಾಯಕರು ಬದಲಾದರು, ಹೆಲಿಕಾಪ್ಟರಿನಿಂದ ಬಿದ್ದು ಸತ್ತ ಖಳನಾಯಕರಿಗಂತೂ ಲೆಕ್ಕವಿಲ್ಲ. ಆ ಹದಿನಾಲ್ಕನ್ನೂ ಮೊದಲ ದಿನವೇ ನೋಡಿದ, ಒಂದರ ಕೊನೆಯನ್ನೂ ಯಾರ ಬಾಯಿಂದಲೂ ಮುಂಚಿತವಾಗಿ ಕೇಳಿಸಿಕೊಳ್ಳದ ಮಹಾನುಭಾವನೊಬ್ಬ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕೊಡ, ಹಂಡೆ, ತಪೇಲಿ ಮಾರುತ್ತ ಕುಳಿತಿದ್ದಾನೆಂಬ ಸುದ್ದಿ ಮುಂಬೈಗೆ ಮುಟ್ಟಿರಲಿಲ್ಲ. (ಮುಟ್ಟಿಸಲೆಂದು ಎರಡು ಕಾಗದ ಬರೆದಿದ್ದರು. ಉತ್ತರ ಬರಲಿಲ್ಲ. ಗುಪ್ತವಾಗಿ ಓದಿಕೊಂಡಿರಬೇಕೆಂದು ಸಮಾಧಾನ ಮಾಡಿಕೊಂಡರು.)

ಬಾವನ್ನನನ್ನು ನೋಡದ ನತದೃಷ್ಟರಿಗಾಗಿ ಎರಡು ಮಾತು. ಬಾವನ್ನ ಎಂದರೆ ಐವತ್ತೆರಡು. ಅದು ಅವನ ನಂಬರು. ಹೆಸರು ಸರ್ಕಾರಕ್ಕೂ ಗೊತ್ತಿಲ್ಲ. ಹೊಡೆದಾಟಕ್ಕೆ ಮೊದಲು ಅವನು ಕೋಟು ಬಿಚ್ಚಿ ಹತ್ತಿರದ ಗೂಟಕ್ಕೆ ತೂಗುಹಾಕುತ್ತಾನೆ. ಗೂಟ ಸಿಗದ ಕಡೆ, ಉದಾಹರಣೆಗೆ ಆರನೆಯ ಭಾಗದ ಮರುಭೂಮಿಯಲ್ಲಿ, ಒಂಟೆ ಸಿಗುತ್ತದೆ. ಇನ್ನೇನು ಅವನು ಸತ್ತೇಹೋದ ಎನ್ನುವಾಗ ಮನೆಯಿಂದ ಹೆಂಡತಿ ಫೋನು ಮಾಡಿ 'ಊಟ ಆಯಿತಾ?' ಎಂದು ಕೇಳುತ್ತಾಳೆ. ಹದಿನಾಲ್ಕೂ ಭಾಗದಲ್ಲಿ ಆಕೆಯ ಪಾತ್ರ ಅಷ್ಟೇ. ಆ ಎರಡು ನಿಮಿಷದಲ್ಲಿ ಟಾಕೀಜಿನ ಗಂಡಸರೆಲ್ಲ ಹೊರಗೆ ಹೋಗಿ ಬೀಡಿ ಸೇದಿ ಬರುವುದು ವಾಡಿಕೆ.

ಗೂಢಚಾರನಿಗೆ ಮರಾಠಿಯಲ್ಲಿ ಗುಪ್ತಹೇರ ಎನ್ನುತ್ತಾರೆ. ಗಡಿಯ ಊರಾದ್ದರಿಂದ ಜಯಪಾಲರು ತಮ್ಮ ಅಭಿಮಾನಿ ಸಂಘಕ್ಕೆ 'ಗುಪ್ತಹೇರ ಮಂಡಳ' ಎಂದು ಹೆಸರಿಟ್ಟಿದ್ದರು. ಅಧ್ಯಕ್ಷರು ಅವರೇ. ಉಪಾಧ್ಯಕ್ಷರು ಕರೋಶಿಯ ನಿವೃತ್ತ ಶಿಕ್ಷಕ ಮುರಗೆಪ್ಪ ಮಾಸ್ತರು. ಮಿಕ್ಕ ಸಮಸ್ತ ಸದಸ್ಯವೃಂದವೆಂದರೆ ನಿಪ್ಪಾಣಿಯಿಂದ ಅಂಗಡಿಗೆ ಮಾಲು ತರುವ ಟೆಂಪೋದ ಡ್ರೈವರ ಸಮಾಧಾನ ಒಬ್ಬನೇ. ಮಹಾಸಭೆ ದಿನಾಲೂ ನಾಲ್ಕು ಗಂಟೆಗೆ ಅಂಗಡಿಯ ಕಟ್ಟೆಯ ಮೇಲೆ. ಮನೆ ಅಂಗಡಿಯ ಹಿಂದೆಯೇ ಇದ್ದುದರಿಂದ ಚಹಾಕ್ಕೆ ಕೊರತೆಯಿರಲಿಲ್ಲ.

ಹದಿನೈದನೆಯ ಭಾಗದ ಜಾಹೀರಾತು ಶುರುವಾದ ದಿನ ಸಭೆ ಬಿಸಿಯಾಯಿತು.

"ಹಾಲಿನ ಪಾಕೀಟಿನ ಮ್ಯಾಲ ಅವಂದ ಮಾರಿ, ಕೊಬ್ಬರಿ ಎಣ್ಣಿ ಬಾಟ್ಲಿ ಮ್ಯಾಲ ಅವಂದ ಮಾರಿ," ಎಂದರು ಜಯಪಾಲರು. "ಗುಪ್ತಹೇರನ ಮಾರಿ ಎಮ್ಮಿ ಕಾಯಾವರಿಗೂ ಗೊತ್ತಾತಂದ್ರ ಅವ ಗುಪ್ತ ಹೆಂಗಾದನ್ರಿ ಮಾಸ್ತರ? ನನ್ನ ಕೇಳಿದ್ರ ಪೋಸ್ಟರ್ ಹಚ್ಚಲೇಬಾರದು."

"ಪೋಸ್ಟರ್ ಹಚ್ಚಲಿಲ್ಲಂದ್ರ ಸಿನೆಮಾ ಬಂದದ್ದ ಮಂದಿಗೆ ಗೊತ್ತಾಗೂದ ಹೆಂಗ?"

"ಗೊತ್ತಾಗಬಾರದು. ಅದ ಖರೇ ಮಾರ್ಕೆಟಿಂಗು."

ಮಾಸ್ತರು ಈ ಸಿದ್ಧಾಂತವನ್ನು ಸ್ವಲ್ಪ ಹೊತ್ತು ಎಲೆ ಅಡಿಕೆಯ ಜೊತೆ ಅಗಿದು ನೋಡಿದರು. "ಟ್ರೇಲರಿನ ಮಟ್ಟಿಗೆ ನಿಮ್ಮ ಮಾತ ಒಪ್ತೇನಿ. ಮೂರ ಮಿನಿಟಿನ್ಯಾಗ ಎಲ್ಲಾ ಬಡಿಸಿಬಿಡ್ತಾರ, ಆಮ್ಯಾಲ ಪಂಕ್ತಿಗೆ ಕುಂಡ್ರು ಅಂತಾರ."

"ಅಣ್ಣಾ, ಪೋಸ್ಟರ್ ಬಿಡ್ರಿ, ಹೀರೋನ ಮುದುಕ ಆಗ್ಯಾನ," ಎಂದ ಸಮಾಧಾನ. "ಹೋದ ಭಾಗದಾಗ ಜಿಗದಾವ ಬ್ಯಾರೆ, ಹೊಡದಾವ ಬ್ಯಾರೆ. ಇವ ಬಂದು ಬರೇ ಕೋಟ ತೂಗಹಾಕಿ ಹೋದ."

ಅದಕ್ಕಾಗಿಯೇ ಈ ಭಾಗದ ಕೊನೆಯಲ್ಲಿ ಮುಂದಿನ ಬಾವನ್ನ ಯಾರೆಂದು ತೋರಿಸುವುದಾಗಿ ಕಂಪನಿ ಘೋಷಿಸಿತ್ತು. ದೇಶಕ್ಕೆ ದೇಶವೇ ಊಹಿಸುತ್ತಿತ್ತು. ಮಾಸ್ತರರ ಊಹೆಯೂ ಒಂದಿತ್ತು.

"ಈ ಸಲ ಹೆಣ್ಣಮಗಳ್ನ ತರ್ತಾರ ನೋಡ್ರಿ."

"ಛೇ ಛೇ!" ಜಯಪಾಲರಿಗೆ ಚಹಾ ನೆತ್ತಿಗೇರಿತು. "ಗುಪ್ತಹೇರ ಅಂದಮ್ಯಾಲ ಗುಟ್ಟ ಇಟ್ಕೋಬೇಕಲ್ರಿ. ಹೆಂಗಸರ ಕೈಯಾಗ ಗುಟ್ಟ ಕೊಟ್ರ ಸಂಜಿಮಟ ಉಳಿತೈತೇನು?"

ಖಾಲಿ ಕಪ್ಪು ಒಯ್ಯಲು ಬಂದಿದ್ದ ಮಂಗಲಾಬಾಯಿಯವರು ಇದನ್ನು ಕೇಳಿಸಿಕೊಂಡೇ ಕಪ್ಪು ಎತ್ತಿಕೊಂಡು ಹೋದರು. ಜಯಪಾಲರ ಧರ್ಮಪತ್ನಿ. ತವರು ಬೋರಗಾಂವ, ಅಣ್ಣನಿಗೆ ಅಲ್ಲಿ ಮಗ್ಗಗಳಿವೆ. ಎಣಿಸುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ, ದೇವರಿಗೆ ಕೈಮುಗಿಯುವುದು ಎರಡರಲ್ಲೂ. ಗಂಡನ ಮೇಲೆ ಅವರಿಗೆ ಎರಡು ದೂರುಗಳಿದ್ದವು. ಒಂದು, ಮನೆಯ ಡಬ್ಬಾ ಟೀವಿ. ಅದರಲ್ಲಿ ಕೆಂಪು ಬಣ್ಣ ತೀರಿಹೋಗಿ ಮೂರು ವರ್ಷವಾಗಿತ್ತು. ಧಾರಾವಾಹಿಯ ಮದುಮಕ್ಕಳೆಲ್ಲ ಹಸಿರು ಮುಖದಲ್ಲೇ ಅಳುತ್ತಿದ್ದರು. ಹೊಸದು ಕೇಳಿದಾಗಲೆಲ್ಲ ಜಯಪಾಲರು, "ಅಳೂದ ನೋಡಾಕ ಬಣ್ಣ ಯಾಕ ಬೇಕು?" ಎನ್ನುತ್ತಿದ್ದರು. ಎರಡು, ತವರಿನ ಕಡೆಯ ಮದುವೆ ಯಾವುದೇ ಇರಲಿ, ಜಯಪಾಲರು ಕೊಡುತ್ತಿದ್ದ ಉಡುಗೊರೆ ಅಂಗಡಿಯಲ್ಲಿ ಖರ್ಚಾಗದೆ ಉಳಿದ ಐದು ಖಾನೆಯ ಊಟದ ಡಬ್ಬಿ. ಬೋರಗಾಂವದಲ್ಲಿ ಅವರಿಗೆ ಡಬ್ಬಿ ಮಾಮಾ ಎಂದೇ ಹೆಸರು ಬಿದ್ದಿತ್ತು.

ಹೀಗಿರಲು ಸಿಡಿಲಿನಂಥ ಸುದ್ದಿ ಬಂತು. ಹದಿನೈದನೆಯ ಭಾಗ ಟಾಕೀಜಿಗೆ ಬರುವುದಿಲ್ಲ, ಮೂರು ವಾರ ಬಿಟ್ಟು ಬರುವ ಶುಕ್ರವಾರ ಸಂಜೆ ನಾಲ್ಕಕ್ಕೆ ನೇರವಾಗಿ ಇಂಟರ್ನೆಟ್ಟಿನ ಮೂಲಕ ಮನೆಮನೆಯ ಟೀವಿಗೆ ಬರುತ್ತದೆ. ಮಂಡಳ ಎರಡು ನಿಮಿಷ ಮೌನ ಆಚರಿಸಿತು. ಆಮೇಲೆ ಪ್ರಶ್ನೆ ಎದ್ದಿತು: ನೋಡುವುದು ಎಲ್ಲಿ? ಜಯಪಾಲರ ಟೀವಿಗೆ ಇಂಟರ್ನೆಟ್ ಎಂದರೇನೆಂದೇ ಗೊತ್ತಿರಲಿಲ್ಲ. ಮಾಸ್ತರರ ಮನೆಯ ಟೀವಿ ಸೊಸೆಯ ಅಧಿಕಾರವ್ಯಾಪ್ತಿಯಲ್ಲಿತ್ತು. ಸಮಾಧಾನನ ಮನೆಯಲ್ಲಿ ಟೀವಿಯೇ ಇರಲಿಲ್ಲ. ತಡವಾದರೆ ಕೊನೆಯನ್ನು ಯಾರಾದರೂ ಹೇಳಿಬಿಡುತ್ತಾರೆ. ಮೂವತ್ನಾಲ್ಕು ವರ್ಷದ ವ್ರತ ಒಂದೇ ಏಟಿಗೆ ಭಂಗ.

ಜಯಪಾಲರು ಆ ವಾರವೇ ಒಂದು ಗುಪ್ತ ಕಾರ್ಯಾಚರಣೆ ಕೈಗೊಂಡರು. ನಿಪ್ಪಾಣಿಗೆ ಹೋಗಿ ಅರವತ್ತೈದು ಇಂಚಿನ ಟೀವಿ ಕೊಂಡು, ಅಂಗಡಿಯ ಗೋದಾಮಿನಲ್ಲಿ ಹಂಡೆಗಳ ಹಿಂದೆ ಬಚ್ಚಿಡುವುದೆಂದು ಸಮಾಧಾನನ ಟೆಂಪೋಕ್ಕೆ ಹಾಕಿದರು. ಹೆಂಡತಿಗೆ ಹೊಸ ಟೀವಿ ಇಲ್ಲ ಎಂದು ಮೂರು ವರ್ಷ ಹೇಳಿದ ಬಾಯಿಂದ, ಇದು ಗೆಳೆಯರ ಜೊತೆ ನೋಡಲು ತಂದ ಟೀವಿ ಎಂದು ಹೇಳುವ ಧೈರ್ಯ ಬಾವನ್ನನಿಗೂ ಇರಲಾರದು.

ಎಲ್ಲ ಸರಿಯಾಗಿತ್ತು. ಆದರೆ ಸಮಾಧಾನ ಶ್ರದ್ಧಾವಂತ ಸದಸ್ಯ. ಬೇರೆಯವರ ಮಾಲಿನಲ್ಲಿ ಕಲಸಿಹೋಗಬಾರದೆಂದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 'ಗುಪ್ತ ಹೇರ' ಎಂದು ಬರೆದಿದ್ದ. ಹಿತ್ತಲಲ್ಲಿ ಪೆಟ್ಟಿಗೆ ಇಳಿಸುತ್ತಿರುವಾಗ ಶಾವಿಗೆ ಒಣಗಹಾಕಲು ಬಂದ ಮಂಗಲಾಬಾಯಿಯವರು ಚಷ್ಮಾ ಏರಿಸಿ ನೋಡಿದರು.

"ಗುಪ್ತ... ಆಹೇರ?" ಎಂದು ಓದಿದರು. "ರೀ, ಇದೇನ್ರಿ? ಪೂನಮನ ಲಗ್ನಕ್ಕ ಗುಪ್ತ ಆಹೇರ ತಂದೀರೇನು?"

ಪೂನಮ ಅವರ ಅಣ್ಣನ ಮಗಳು. ಆಹೇರ ಎಂದರೆ ಮದುವೆಗೆ ಕೊಡುವ ಉಡುಗೊರೆ. ಈ ಭಾಗದಲ್ಲಿ ಅದು ಕನ್ನಡವೋ ಮರಾಠಿಯೋ ಎಂದು ಯಾರೂ ವಿಚಾರಿಸಲು ಹೋಗುವುದಿಲ್ಲ, ತಂದಿದ್ದಾರೋ ಇಲ್ಲವೋ ಎಂದಷ್ಟೇ ವಿಚಾರಿಸುತ್ತಾರೆ.

ಜಯಪಾಲರು ಸಿಕ್ಕಿಬಿದ್ದರು. ಆದರೆ ತಲೆ ಕೆಲಸ ಮಾಡುತ್ತಿತ್ತು. ಹನ್ನೊಂದನೆಯ ಭಾಗದಲ್ಲಿ ಶತ್ರುವಿನ ಅಡುಗೆಮನೆಯಲ್ಲಿ ಸಿಕ್ಕಿಬಿದ್ದ ಬಾವನ್ನನನ್ನು ಕಾವಲುಗಾರ, "ನೀನೇನು ಹೊಸ ಅಡಿಗೆಯವನೋ?" ಎಂದು ಕೇಳಿದಾಗ ಅವನು ಕಣ್ಣು ಮಿಟುಕಿಸದೆ ಹೌದೆಂದಿದ್ದ. ಜಯಪಾಲರೂ ಕಣ್ಣು ಮಿಟುಕಿಸಲಿಲ್ಲ.

"ಹೌದು," ಎಂದರು. "ಗುಪ್ತ ಇಡಬೇಕಂತ ಮಾಡಿದ್ದೆ. ನೀ ನೋಡೇಬಿಟ್ಟಿ."

ಮಂಗಲಾಬಾಯಿಯವರು ಸೆರಗಿನ ತುದಿಯನ್ನು ಕಣ್ಣಿಗೊತ್ತಿಕೊಂಡರು. "ಡಬ್ಬಿ ಬಿಟ್ಟ ಬ್ಯಾರೆ ಕೊಡ್ತೀರಂತ ನಾ ಕನಸಿನ್ಯಾಗೂ ಅನಕೊಂಡಿದ್ದಿಲ್ರಿ. ನಮ್ಮಣ್ಣಗ ಈಗ ಫೋನ ಮಾಡ್ತೇನಿ."

"ಗುಪ್ತ ಐತಿ ಅಂದ್ನೆಲ್ಲಾ..."

ಅಷ್ಟರಲ್ಲಿ ಫೋನು ಬೋರಗಾಂವ ಮುಟ್ಟಿತ್ತು. ಆದರೂ ಜಯಪಾಲರು ಧೈರ್ಯಗೆಡಲಿಲ್ಲ. ಶುಕ್ರವಾರ ಸಿನೆಮಾ ನೋಡಿ, ಟೀವಿಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು, ಸೋಮವಾರ ಮುಟ್ಟಿಸಿದರಾಯಿತು. ಈ ಯೋಜನೆಗೆ ಒಂದೇ ಒಂದು ಅಡ್ಡಿಯಿತ್ತು: ಮದುವೆ ಅದರ ಹಿಂದಿನ ದಿನ, ಗುರುವಾರ.

"ಗಡಬಡಿ ಯಾಕ? ಲಗ್ನಾ ಮುಗದ ಮ್ಯಾಲ ಆರಾಮ ಕಳಸೂಣು," ಎಂದು ಮೂರು ವಾರದಲ್ಲಿ ಆರು ಸಲ ಹೇಳಿ ನೋಡಿದರು.

"ರುಖವತದಾಗ ಇಡಬೇಕಲ್ರಿ," ಎಂದು ಆರು ಸಲವೂ ಉತ್ತರ ಬಂತು. ಮದುಮಗಳ ಜೊತೆ ಕೊಟ್ಟು ಕಳಿಸುವ ಸಾಮಾನನ್ನೆಲ್ಲ ಮಂಟಪದ ಪಕ್ಕದಲ್ಲಿ ಹರವಿ ಮಂದಿಗೆ ತೋರಿಸುವುದು ರುಖವತ. ಉಂಡೆ, ಚಕ್ಕುಲಿ, ಕಸೂತಿಯ ದಿಂಬು, ನಟ್ಟನಡುವೆ ಜಯಪಾಲರ ಹೃದಯ.

ಗುರುವಾರ ಬೋರಗಾಂವದಲ್ಲಿ ಅದು ಹಾಗೆಯೇ ಇತ್ತು, ಮೇಲೊಂದು ಚೆಂಡುಹೂವಿನ ಹಾರ. ಮೈಕಿನವನು ಕೂಗಿದ: "ಚಿಕ್ಕೋಡಿಯ ಜಯಪಾಲ ಮಗದುಮ್ಮ ಇವರ ಕಡಿಂದ ಅರವತ್ತೈದ ಇಂಚಿನ ಟೀವಿ ಆಹೇರ! ಗುಪ್ತ ಇರಲಿ, ಯಾರಿಗೂ ಹೇಳಬ್ಯಾಡ್ರಿ ಅಂದಾರ್ರಿ! ಗುಪ್ತ ಆಹೇರ!" ಹಿಂದಿನ ಪಂಕ್ತಿಯವರಿಗೆ ಕೇಳಿಸಲಿಲ್ಲವೆಂದು ಇನ್ನೆರಡು ಸಲ ಕೂಗಿದ.

"ಮಾರ್ಕೆಟಿಂಗ್ ಅಂದ್ರ ಇದು ನೋಡ್ರಿ," ಎಂದು ಮುರಗೆಪ್ಪ ಮಾಸ್ತರು ಜಯಪಾಲರ ಕಿವಿಯಲ್ಲಿ ಹೇಳಿದರು.

ಹೆಂಡತಿಯ ಅಣ್ಣ ಬಂದು ತಬ್ಬಿಕೊಂಡ. ಇಷ್ಟು ವರ್ಷ ನಿಮ್ಮನ್ನು ತಪ್ಪು ತಿಳಿದಿದ್ದೆ ಎಂದ. ಪೂನಮ ಕಾಲು ಮುಟ್ಟಿ, "ಮಾಮಾ, ನೀವ ಇಷ್ಟ ಪ್ರೀತಿ ಇಟ್ಟಿದ್ರಿ ಅಂತ ಗೊತ್ತಾಗಿದ್ದಿಲ್ರಿ," ಎಂದಳು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಜಯಪಾಲರ ಕಣ್ಣೂ ತುಂಬಿ ಬಂತು. ಮುಕ್ಕಾಲು ಪಾಲು ನೀರು ಟೀವಿಯದು, ಕಾಲು ಪಾಲು ಪೂನಮನದು. ಸಂಜೆ ಮದುಮಕ್ಕಳು ಗಂಡನ ಮನೆಯಿರುವ ಅಥಣಿಗೆ ಹೊರಟರು, ಟೀವಿ ಅವರ ಹಿಂದೆ ಹೊರಟಿತು, ಮದುಮಗಳ ಜೊತೆಗಾತಿಯಾಗಿ ಮಂಗಲಾಬಾಯಿಯವರೂ ಹೊರಟರು.

ಶುಕ್ರವಾರ ನಾಲ್ಕಕ್ಕೆ ಮಂಡಳ ಗೋದಾಮಿನಲ್ಲಿ ಸೇರಿತು. ಜಯಪಾಲರು ವಾಡಿಕೆಯಂತೆ ತಮ್ಮ ಮದುವೆಯ ಕೋಟು ತೊಟ್ಟಿದ್ದರು. (ಪ್ರತಿ ಭಾಗಕ್ಕೂ ಅದೇ ಕೋಟು, ಗುಂಡಿ ಹಾಕುವುದನ್ನು ಎಂಟನೆಯ ಭಾಗಕ್ಕೇ ಬಿಟ್ಟಿದ್ದರು.) ಚೊಂಬಿಗೆ ಆನಿಸಿ ನಿಲ್ಲಿಸಿದ ಜಯಪಾಲರ ಅಂಗೈಯಗಲದ ಫೋನಿನ ಮುಂದೆ ಮೂರು ತಲೆಗಳು ಕೂಡಿದವು. ಬಾವನ್ನ ಜೀರಿಗೆಯಷ್ಟಿದ್ದ. ಖಳನಾಯಕ ಸಾಸಿವೆಯಷ್ಟು. ಹೊಡೆದಾಟ ಬಂದಾಗಲೆಲ್ಲ ಇಂಟರ್ನೆಟ್ ಸಾಲದೆ ನಡುವೆ ಒಂದು ಗಾಲಿ ತಿರುಗುತ್ತ ನಿಲ್ಲುತ್ತಿತ್ತು. ಎರಡು ತಾಸಿನ ಸಿನೆಮಾ ಎರಡು ತಾಸಾದರೂ ಮುಗಿಯಲಿಲ್ಲ. ಆರು ಗಂಟೆಗೆ ಬಾವನ್ನ ಕೊನೆಗೂ ಕೋಟು ಬಿಚ್ಚಿ ಗೂಟಕ್ಕೆ ಹಾಕಿದ. ಸುತ್ತ ಇಪ್ಪತ್ತು ಬಂದೂಕು. ಫೋನು ಗಣಗಣ ಎಂದಿತು.

"ಬಂತು ನೋಡ್ರಿ, ಹೆಂಡತಿ ಫೋನು," ಎಂದರು ಮಾಸ್ತರು. ಮೂವರೂ ಮೆಚ್ಚಿಕೊಂಡು ನೋಡುತ್ತ ಕುಳಿತರು. ಪರದೆಯ ಮೇಲೆ ಬಾವನ್ನನ ಬದಲು, ಹೆಂಡತಿಯ ನಂಬರಿಗೆ ಜಯಪಾಲರು ಇಟ್ಟಿದ್ದ 'ಮನಿ' ಎಂಬ ಹೆಸರು ಕಂಡಾಗಲೇ ಅದು ಖರೇ ಫೋನೆಂದು ತಿಳಿದದ್ದು. ಕಟ್ ಮಾಡಲು ಹೋದ ಸಮಾಧಾನ ಹಸಿರು ಗುಂಡಿ ಒತ್ತಿ, ಗಾಬರಿಯಲ್ಲಿ ಸ್ಪೀಕರನ್ನೂ ಒತ್ತಿದ.

"ಊಟ ಆತೇನ್ರಿ?" ಮಂಗಲಾಬಾಯಿಯವರ ದನಿ ಹಂಡೆಗಳಲ್ಲೆಲ್ಲ ಮೊಳಗಿತು. "ಹೊತ್ತ ಮುಳಗಾಕ ಬಂತು." ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಒಲೆಯೂ ಇಲ್ಲ, ಊಟವೂ ಇಲ್ಲ.

"ಮಾಡ್ತೇನಿ, ಮಾಡ್ತೇನಿ, ಈಗ ಇಡು!"

"ಸಿನೆಮಾ ಇನ್ನಾ ಮುಗಿದಿಲ್ಲೇನು? ನಮ್ಮದ ಇಲ್ಲೆ ಈಗ ಮುಗೀತ್ರಿ. ಮನಿಮಂದೆಲ್ಲಾ ಕೂಡಿ ನೋಡಿದ್ವಿ, ನಿಮ್ಮ ಟೀವ್ಯಾಗ. ಏನ ಬಣ್ಣ ಅಂತೀರಿ! ಕಡೀಕ ಅವನ ಹೆಂಡ್ತೀನ ಬಾವನ್ನ ಅಂತ ತೋರಸ್ತಾರ ನೋಡ್ರಿ. ಮೊದಲಿಂದನೂ ಆಕೀನ ದೊಡ್ಡಾಕಿಯಂತ, ಅವ ಆಕಿ ಕೈಕೆಳಗ ಇದ್ನಂತ. ಆ 'ಊಟ ಆಯಿತಾ' ಅನ್ನೂದ ಆಕಿ ಹುಕುಮ ಅಂತ."

ಮೂವತ್ನಾಲ್ಕು ವರ್ಷ ಕಾಪಾಡಿಕೊಂಡು ಬಂದದ್ದು, ಕೊನೆಯ ಹತ್ತು ನಿಮಿಷ ಬಾಕಿ ಇರುವಾಗ, ಕೈ ಹಿಡಿದ ಹೆಂಡತಿಯ ಬಾಯಿಂದಲೇ ಹೋಯಿತು. ಜಯಪಾಲರಿಗೆ ಅಳು ಬಂತು, ಸಿಟ್ಟು ಬಂತು. ಸಿಟ್ಟು ಮೊದಲು ಹೊರಬಿತ್ತು.

"ನಿನಗ ಗುಟ್ಟ ಅನ್ನೂದ ಗೊತ್ತೈತೇನ? ಒಂದರ ಗುಟ್ಟ ಹೊಟ್ಟ್ಯಾಗ ಇಟ್ಕೊಂಡ ಗೊತ್ತೈತೇನ?"

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

"ರೀ," ಎಂದರು ಮಂಗಲಾಬಾಯಿಯವರು ಮೆಲ್ಲಗೆ, "ನಾ ಏಳನೇತ್ತಾ ತನಕ ಮರಾಠಿ ಸಾಳ್ಯಾಗ ಕಲತಾಕಿ. ಹೇರ ಯಾವುದು, ಆಹೇರ ಯಾವುದು ನನಗ ತಿಳಿಯಂಗಿಲ್ಲೇನ್ರಿ? ಟೀವಿ ಖರೇ ಯಾತಕ್ಕ ತಂದಿದ್ರಿ ಅಂತ ಮೂರ ವಾರ ಒಬ್ಬರ ಮುಂದರ ಬಾಯಿ ಬಿಟ್ಟೇನೇನು?"

ಮಾಸ್ತರು ಚೊಂಬನ್ನೇ ನೋಡುತ್ತ ಕುಳಿತರು. ಸಮಾಧಾನ ಗೋಡೆಯ ಕಡೆ ತಿರುಗಿದ.

"ಎರಡ ದಿನ ಕೆಡಲಾರದಂಥಾ ಅಡಿಗಿ ಮಾಡಿಟ್ಟ ಬಂದಿದ್ನಿ. ಬಿಡಿಬಿಡಿ ಇಟ್ರ ನಿಮಗ ಸಿಗಂಗಿಲ್ಲಂತ ಐದ ಖಾನೆ ಡಬ್ಬ್ಯಾಗ ತುಂಬೇನಿ. ಹೊತ್ತ ಮುಳಗೂದ್ರಾಗ ಊಟ ಮಾಡ್ರಿ."

ಜಯಪಾಲರು ಎದ್ದರು. ಕೋಟು ಬಿಚ್ಚಿದರು, ಗೋಡೆಯ ಗೂಟಕ್ಕೆ ತೂಗುಹಾಕಿದರು, ಒಳಗೆ ಹೋಗಿ ಡಬ್ಬಿಯ ಮುಂದೆ ಕುಳಿತರು.