ಕಡೂರಿನಲ್ಲಿ ಸುಮ್ಮನೆ ನಡೆದದ್ದು

ನಮ್ಮ ಕಡೂರಿನಲ್ಲಿ ಯಾರು ಬೇಕಾದರೂ ರಸ್ತೆಯಲ್ಲಿ ನಡೆಯಬಹುದು. ಆದರೆ ಎಲ್ಲಿಗೆ ಎಂದು ಹೇಳಿ ನಡೆಯಬೇಕು. ಹೇಳದೆ ನಡೆದವರಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ನನಗಂತೂ ಡಿಗ್ರಿಯ ಕೊನೆಯ ವರ್ಷವಿಡೀ ಆಯಿತು.

೧. ಹೆಸರು ಹೇಳದವಳು

ಅಪ್ಪನಿಗೆ ಕಡೂರಿಗೆ ವರ್ಗವಾಗುವ ಮೊದಲು ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಮಾತಾಡಬಾರದು ಎಂದು ಕಲಿಸಿದ್ದರು, ನಾನು ಚೆನ್ನಾಗಿಯೇ ಕಲಿತಿದ್ದೆ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ, ಕನ್ನಡದಲ್ಲಿ ಯೋಚಿಸುತ್ತಿದ್ದೆ, ಎರಡರಲ್ಲೂ ಸುಮ್ಮನಿರುತ್ತಿದ್ದೆ.

ಬಿ.ಎಸ್ಸಿ. ಎರಡನೇ ವರ್ಷದ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನ ಊರಿನಿಂದ ಬಂದಿದ್ದ ಎಕ್ಸಾಮಿನರು ವೈವಾಕ್ಕೆ ಕರೆದು ಎದುರು ನಿಲ್ಲಿಸಿಕೊಂಡರು. ನನ್ನ ಮುಖ ನೋಡಿ ಅವರಿಗೇ ಪಾಪ ಎನಿಸಿರಬೇಕು. ಧೈರ್ಯ ಬರಲಿ ಎಂದು ಸುಲಭದ ಪ್ರಶ್ನೆ ಕೇಳಿದರು. "ನಿನ್ನ ಹೆಸರೇನಮ್ಮಾ?"

ನಾನು ಬಾಯಿ ತೆರೆದು ಮತ್ತೆ ಮುಚ್ಚಿದೆ. ಅವರು ಕಾದರು. ಪಕ್ಕದಲ್ಲಿ ನಿಂತಿದ್ದ ಲ್ಯಾಬಿನ ಅಟೆಂಡರಿಗೇ ತಡೆಯಲಾಗಲಿಲ್ಲ, ನನ್ನ ಹೆಸರನ್ನು ಅವನೇ ಹೇಳಿಬಿಟ್ಟ.

"ಸರಿಯಾದ ಉತ್ತರ," ಎಂದರು ಎಕ್ಸಾಮಿನರು, ಅವನಿಗೆ.

ನಾನು ಫೇಲಾದೆ. ಕೊನೆಯ ವರ್ಷದಲ್ಲಿ ಆ ಪರೀಕ್ಷೆಗೆ ಮತ್ತೆ ಕೂರಬೇಕಾಯಿತು. ಅಪ್ಪ ಬೈಯಲಿಲ್ಲ, ಅದೇ ಹೆದರಿಕೆ. "ಈ ಸಲಾನೂ ಹಿಂಗಾದ್ರೆ ಓದು ಸಾಕು. ನಿಮ್ಮತ್ತೆ ಗಂಡು ನೋಡ್ತೀನಿ ಅಂತ ಕಾಯ್ತಾ ಕೂತವ್ಳೆ," ಎಂದರು. ಅಜ್ಜಂಪುರದ ಸೋದರತ್ತೆ ನನ್ನ ರಿಸಲ್ಟಿಗೆ ನನಗಿಂತ ಹೆಚ್ಚು ಕಾತರದಿಂದ ಕಾಯುತ್ತಿದ್ದಳು.

೨. ಹಾರ ತಂದವರು

ಆ ವರ್ಷ ನಮ್ಮ ಕಾಲೇಜಿನ ಪಿ.ಟಿ. ಮೇಷ್ಟ್ರು ಮೈಸೂರಿಗೆ ಯಾವುದೋ ತರಬೇತಿಗೆ ಹೋಗಿಬಂದರು. ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯಕ್ಕೆ ವ್ಯಾಯಾಮವೇ ಮದ್ದು ಎಂದು ಅಲ್ಲಿ ಹೇಳಿದ್ದರಂತೆ. "ಮನಸ್ಸಿನ ಗಂಟನ್ನ ಕಾಲಿಂದ ಬಿಚ್ಚಬೇಕು ಕಣ್ರಮ್ಮಾ," ಎಂದು ಹೇಳಿ, ಪರೀಕ್ಷೆಯೆಂದರೆ ಅಳುವವರು, ನಿದ್ದೆ ಬಾರದವರು, ನನ್ನಂಥ ಮೂಕಿಯರು ಎಲ್ಲರನ್ನೂ ಹೆಕ್ಕಿ ತೆಗೆದರು. ದಿನಾ ಬೆಳಿಗ್ಗೆ ಬೀರೂರು ರಸ್ತೆಯಲ್ಲಿ ಬಿರುಸಿನ ನಡಿಗೆ. ಮಾತಾಡುವಂತಿಲ್ಲ, ಉಸಿರಿನ ಮೇಲೆ ಗಮನವಿರಬೇಕು.

ಮೊದಲನೇ ದಿನ ಮೇಷ್ಟ್ರು ಮುಂದೆ, ನಾವು ಹಿಂದೆ. ತಲೆ ತಗ್ಗಿಸಿ, ತುಟಿ ಬಿಗಿದು, ಬೇಗ ಬೇಗ ನಡೆದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಚಪ್ಪಲಿ ಸದ್ದು ಜಾಸ್ತಿಯಾದಂತೆ ಅನ್ನಿಸಿತು. ತಿರುಗಿ ನೋಡಿದರೆ ಟವೆಲ್ಲು ಹೆಗಲಿಗೆ ಹಾಕಿಕೊಂಡ ನಾಲ್ಕೈದು ಜನ ನಮ್ಮಷ್ಟೇ ಗಂಭೀರವಾಗಿ ಬರುತ್ತಿದ್ದರು. ತೆಂಗಿನಕಾಯಿ ಮಂಡಿಯ ಯಜಮಾನರಂತೂ ಓಡೋಡಿ ಬಂದು, ಮೇಷ್ಟ್ರ ಕೈ ಹಿಡಿದು, ತಗ್ಗಿದ ದನಿಯಲ್ಲಿ ಕೇಳಿದರು.

"ಯಾವಾಗ ತೀರ್ಕಂಡ್ರು ಮೇಷ್ಟ್ರೇ?"

"ಯಾರು?"

"ಅದನ್ನ ನೀವೇ ಹೇಳ್ಬೇಕು!"

"ಯಾರೂ ಸತ್ತಿಲ್ಲ ಕಣ್ರೀ! ಇದು ವಾಕಿಂಗು. ಹುಡುಗೀರ ಮನಸ್ಸಿಗೆ ಒಳ್ಳೇದು."

ಯಜಮಾನರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ನಂಬಿಕೆ ಬಂದಂತೆ ಕಾಣಲಿಲ್ಲ. ಕೈಯಲ್ಲಿದ್ದ ಚೆಂಡುಹೂವಿನ ಹಾರ ಎತ್ತಿ ತೋರಿಸಿ, "ಹಂಗಾದ್ರೆ ಇದನ್ನ ಯಾರಿಗ್ ಹಾಕ್ಲಿ?" ಎಂದರು.

ಕೊನೆಗೆ ಮೇಷ್ಟ್ರೇ ಹಾಕಿಸಿಕೊಂಡರು.

೩. ಎಲ್ಲರಿಗಿಂತ ದೂರ

ಆಮೇಲೆ ಬಸ್ಸುಗಳ ಕಾಟ. ನಡೆಯುವವರನ್ನು ಕಂಡರೆ ನಿಲ್ಲಿಸುವುದು ಆ ರಸ್ತೆಯ ಬಸ್ಸುಗಳ ಧರ್ಮ. ಒಂದು ದಿನ ತರೀಕೆರೆಗೆ ಹೋಗುವ ಬಸ್ಸು ನಮ್ಮ ಪಕ್ಕದಲ್ಲೇ ನಿಂತಿತು.

"ಹತ್ರಮ್ಮಾ, ಹತ್ರಿ!" ಎಂದ ಕಂಡಕ್ಟರ್.

"ಬೇಡ, ನಾವು ನಡೀತಿದೀವಿ," ಎಂದಳು ನಮ್ಮ ಗುಂಪಿನಲ್ಲಿದ್ದ ಹಾಸ್ಟೆಲಿನ ಹುಡುಗಿಯೊಬ್ಬಳು.

"ಅದು ಕಾಣ್ತದೆ. ಅದಕ್ಕೇ ನಿಲ್ಸಿದ್ದು."

ಕಿಟಕಿಯಿಂದ ಲಿಂಗದಹಳ್ಳಿಯ ಹೆಂಗಸೊಬ್ಬಳು ತಲೆ ಹಾಕಿದಳು. "ಅಯ್ಯೋ, ಹೆಣ್ಮಕ್ಕಳನ್ನ ಹಿಂಗ್ ನಡಸ್ತಾರಲ್ಲ, ಇವನ್ಯಾವ ಮೇಷ್ಟ್ರೋ! ಬಾ ಮಗಾ, ನನ್ ಪಕ್ಕ ಜಾಗ ಐತೆ," ಎಂದು ನೇರವಾಗಿ ನನ್ನನ್ನೇ ಕರೆದಳು.

ಉಳಿದವರೆಲ್ಲ ಬೇಡ ಎಂದರು. ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಹತ್ತಿ ಕೂತೆ.

ಬೀರೂರಿನಲ್ಲಿ ಇಳಿಯೋಣವೆಂದರೆ, ಇಳಿಯುತ್ತೇನೆ ಎಂದೂ ಹೇಳಬೇಕಲ್ಲ! ಆಕೆ ದಾರಿಯುದ್ದಕ್ಕೂ ತನ್ನ ಸೊಸೆಯ ವಿಷಯ ಹೇಳಿದಳು, ನಾನು ತಲೆಯಾಡಿಸಿದೆ. ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ, ಕಾಫಿ ಕುಡಿಸಿ, "ಎಷ್ಟ್ ಚೆನ್ನಾಗ್ ಮಾತಾಡ್ತೀಯ ಮಗಾ," ಎಂದು ಕೆನ್ನೆ ಸವರಿ ಲಿಂಗದಹಳ್ಳಿ ಬಸ್ಸು ಹತ್ತಿದಳು.

ನಾನು ವಾಪಸು ಬಂದಾಗ ಮೇಷ್ಟ್ರು ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಬೆವರುತ್ತ ನಿಂತಿದ್ದರು. ನನ್ನನ್ನು ಕಂಡು ಜೀವ ಬಂದಂತಾಗಿ, ಉಳಿದವರ ಕಡೆ ತಿರುಗಿ, "ನೋಡ್ರಮ್ಮಾ, ಇವತ್ತು ಎಲ್ಲರಿಗಿಂತ ದೂರ ಹೋದೋಳು ಇವಳೇ," ಎಂದರು.

ಅಂದಿನಿಂದ ಹೊಸ ಕಾನೂನು ಬಂತು. ನಡೆಯುವಾಗ ನಾನು ಎಲ್ಲರಿಗಿಂತ ಮುಂದಿರಬೇಕು, ದಾರಿಯಲ್ಲಿ ಯಾರು ಏನು ಕೇಳಿದರೂ ನಾನೇ ಉತ್ತರ ಕೊಡಬೇಕು. ಮೇಷ್ಟ್ರು ಒಂದು ವಾಕ್ಯ ಬಾಯಿಪಾಠ ಮಾಡಿಸಿದರು: "ವಾಕಿಂಗ್ ಕಣ್ರೀ, ಯಾರೂ ಸತ್ತಿಲ್ಲ, ಬಸ್ಸು ಬೇಡ." ಮೊದಮೊದಲು ಎದುರಿಗಿದ್ದವರು ಹೋದ ಮೇಲೆ ಹೇಳುತ್ತಿದ್ದೆ. ಬರುಬರುತ್ತ ಅವರಿರುವಾಗಲೇ ಹೇಳತೊಡಗಿದೆ. ವ್ಯಾಯಾಮದ ಗುಣ ಉಳಿದವರಲ್ಲೂ ಕಾಣುತ್ತಿತ್ತು. ಪರೀಕ್ಷೆ ಚಿಂತೆಯಲ್ಲಿ ಕಣ್ಣೇ ಮುಚ್ಚುವುದಿಲ್ಲ ಎಂದು ಅಳುತ್ತಿದ್ದ ಹಾಸ್ಟೆಲಿನ ಹುಡುಗಿ ಈಗ ಫಿಸಿಕ್ಸ್ ಕ್ಲಾಸಿನಲ್ಲೂ ಚೆನ್ನಾಗಿ ನಿದ್ದೆ ಮಾಡುತ್ತಿದ್ದಳು.

೪. ಅಜ್ಜಂಪುರದ ಎಮ್ಮೆ

ಪರೀಕ್ಷೆಗೆ ಮುಂಚೆ ಅತ್ತೆ ಹಬ್ಬದ ನೆಪದಲ್ಲಿ ಅಜ್ಜಂಪುರಕ್ಕೆ ಕರೆಸಿಕೊಂಡಳು. ಗಂಡಿನ ಕಡೆಯವರು "ಸುಮ್ನೆ ಹಂಗೇ" ಬಂದುಹೋಗುವವರಿದ್ದರು. ಅಲ್ಲಿ ನಡೆಯಲು ಬಿಡುವುದಿಲ್ಲವೆಂದು ಗೊತ್ತಿದ್ದ ಮೇಷ್ಟ್ರು, "ಹಿತ್ತಿಲಲ್ಲಾದ್ರೂ ಕೈ ಮೇಲೆತ್ತಿ ಕುಣೀತಾ ಉಸಿರು ಬಿಡಮ್ಮಾ. ಒಂದಿನಾನೂ ತಪ್ಪಿಸ್ಬೇಡ," ಎಂದಿದ್ದರು.

ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಕೂದಲು ಬಿಚ್ಚಿಕೊಂಡು, ಹಿತ್ತಿಲಲ್ಲಿ ಕುಣಿಯತೊಡಗಿದೆ. ಹೂಂ, ಹೂಂ ಎಂದು ಉಸಿರು ಬಿಡುತ್ತಿದ್ದೆ. ಬೇಲಿಯಾಚೆ ಪಕ್ಕದ ಮನೆಯ ಅಜ್ಜಿ ಕಂಡಳು. ನನ್ನನ್ನು ನೋಡಿದವಳೇ ಒಳಗೆ ಓಡಿ, ಕುಂಕುಮದ ಬಟ್ಟಲು ಹಿಡಿದು ಬೇಲಿ ದಾಟಿ ಬಂದು ನನ್ನ ಕಾಲ ಬಳಿ ಕೂತುಬಿಟ್ಟಳು.

"ತಾಯೀ, ನಮ್ಮೆಮ್ಮೆ ಮನೆಗ್ ಬಂದಿಲ್ಲ. ಯಾವ ದಿಕ್ಕಿಗ್ ಹೋಯ್ತವ್ವಾ?"

ಮೈಮೇಲೆ ಬಂದಿರುವುದು ದೇವರಲ್ಲ, ವ್ಯಾಯಾಮ ಎಂದು ಹೇಳಬೇಕಿತ್ತು. ನನ್ನ ವಾಕ್ಯದಲ್ಲಿ ಎಮ್ಮೆಗೆ ಉತ್ತರವಿರಲಿಲ್ಲ. ಗಾಬರಿಯಲ್ಲಿ ವ್ಯಾಯಾಮವನ್ನೇ ಮುಂದುವರಿಸಿದೆ, ಬಲಗೈ ಪಕ್ಕಕ್ಕೆ ಚಾಚುವುದು ಬಂತು. ಅಜ್ಜಿ ಕೈಮುಗಿದು ಆ ದಿಕ್ಕಿಗೇ ಹೊರಟಳು.

ಎಮ್ಮೆ ಅಲ್ಲೇ ಇತ್ತು.

ಗಂಡಿನ ಕಡೆಯವರು ಬರುವ ಹೊತ್ತಿಗೆ ಅತ್ತೆಯ ಬಾಗಿಲಲ್ಲಿ ತೆಂಗಿನಕಾಯಿ ಹಿಡಿದ ಹೆಂಗಸರ ಸಾಲು. ಒಬ್ಬಳಿಗೆ ಓಲೆ ಕಳೆದಿತ್ತು, ಇನ್ನೊಬ್ಬಳಿಗೆ ಗಂಡ. ಗಂಡಿನ ತಾಯಿ ವಿಷಯ ಕೇಳಿ ಮೆಟ್ಟಿಲ ಕೆಳಗಿನಿಂದಲೇ ನಮಸ್ಕಾರ ಮಾಡಿದರು. "ಇಂಥೋರನ್ನ ಮನೆಗ್ ತಂದ್ಕಂಡು ಪಾತ್ರೆ ತೊಳ್ಸೋಕಾಗುತ್ತಾ?" ಎಂದು ಬಂದ ಗಾಡಿಯಲ್ಲೇ ತಿರುಗಿದರು.

ಅತ್ತೆ ಸೋಲುವವಳಲ್ಲ. "ಫೇಲಾಗ್ಲಿ ತಡಿ, ಈ ಸುದ್ದಿ ಮುಟ್ಟದೇ ಇರೋಷ್ಟು ದೂರದ ಗಂಡು ತರ್ತೀನಿ," ಎಂದಳು.

೫. ಎಕ್ಸಾಮಿನರ ಕಿಟಕಿ

ಪರೀಕ್ಷೆಯ ದಿನ ಬಂತು. ಬ್ಯೂರೆಟ್ಟಿನಿಂದ ಹನಿ ಬೀಳಿಸುತ್ತ ನಿಂತಿದ್ದೆ, ಅದಕ್ಕಿಂತ ಬೇಗ ನನ್ನ ಹಣೆಯಿಂದ ಬೆವರು ಬೀಳುತ್ತಿತ್ತು. ಈ ಸಲದ ಎಕ್ಸಾಮಿನರು ಬೇರೆಯವರು, ದಪ್ಪ ಕನ್ನಡಕ. ಹಿಂದಿನಿಂದ ಸದ್ದಿಲ್ಲದೆ ಬಂದು, "ವಾಟ್ ಆರ್ ಯೂ ಡೂಯಿಂಗ್?" ಎಂದರು.

ಕಾನ್ವೆಂಟಿನ ಇಂಗ್ಲಿಷು ಎದ್ದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಕಡೂರಿನ ಕನ್ನಡ ಓಡಿಬಂದಿತ್ತು.

"ವಾಕಿಂಗ್ ಕಣ್ರೀ, ಯಾರೂ ಸತ್ತಿಲ್ಲ, ಬಸ್ಸು ಬೇಡ!"

ಅಟೆಂಡರ್ ಗೋಡೆ ಕಡೆ ಮುಖ ಮಾಡಿ ನಿಂತ. ಮುಗಿಯಿತು, ಅತ್ತೆ ಗೆದ್ದಳು ಅಂದುಕೊಂಡೆ.

ಎಕ್ಸಾಮಿನರು ಕನ್ನಡಕ ತೆಗೆದರು. "ಇನ್ನೊಂದ್ಸಲ ಹೇಳಮ್ಮಾ?"

ಹೇಳಿದೆ.

"ಇದು ನನಗೆ ಬೆಳಿಗ್ಗೆಯೇ ಗೊತ್ತಿರಬೇಕಿತ್ತು! ವಾಕಿಂಗ್ ಅಂತ ಹೊರಟ್ರೆ ಯಾರೋ ಪುಣ್ಯಾತ್ಮ ಎತ್ತಿನಗಾಡಿ ಮೇಲೆ ಕೂರಿಸ್ಕೊಂಡು ವಾಪಸ್ ತಂದು ಬಿಟ್ಟ. ನಾಳೆ ಇದನ್ನೇ ಹೇಳ್ತೀನಿ," ಎಂದು ಮೆಲ್ಲಗೆ ಬಾಯಲ್ಲೇ ಒಂದು ಸಲ ಅಭ್ಯಾಸ ಮಾಡಿಕೊಂಡರು. ನನಗೆ ನಗು ಬಂತು. ನಗುವಿನ ಹಿಂದೆಯೇ ಮಾತೂ ಬಂತು. ಆಮೇಲೆ ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ, ಕೇಳದಿದ್ದ ನನ್ನ ಹೆಸರನ್ನೂ ಹೇಳಿದೆ. ಪಾಸಾದೆ. ಅತ್ತೆ ಹುಡುಕಿದ ದೂರದ ಗಂಡು ದೂರದಲ್ಲೇ ಉಳಿದ.

ನನ್ನ ವೈವಾ ಆದ ಮಾರನೇ ದಿನ ಹಾಸ್ಟೆಲಿನ ಹುಡುಗಿಯ ಬ್ಯಾಚಿಗೆ ಪರೀಕ್ಷೆ. ಬೆಳಿಗ್ಗೆ ಎಂದಿನಂತೆ ಬೀರೂರು ರಸ್ತೆಯಲ್ಲಿ ಹೊರಟಿದ್ದೆವು. ತರೀಕೆರೆ ಬಸ್ಸು ನಮ್ಮನ್ನು ದಾಟಿ ಹೋಯಿತು. ಕಿಟಕಿಯಲ್ಲಿ ದಪ್ಪ ಕನ್ನಡಕ. ಪಕ್ಕದಲ್ಲಿ ಲಿಂಗದಹಳ್ಳಿಯ ಅದೇ ಹೆಂಗಸು ಕೈಯಾಡಿಸಿಕೊಂಡು ಏನೋ ಹೇಳುತ್ತಿದ್ದಳು, ನಮ್ಮ ಎಕ್ಸಾಮಿನರು ತಲೆಯಾಡಿಸುತ್ತಿದ್ದರು.

"ಸಾರ್! ಹತ್ತು ಗಂಟೆಗೆ ನಮ್ಮ ವೈವಾ!" ಎಂದು ಹಾಸ್ಟೆಲಿನ ಹುಡುಗಿ ಕಿರುಚಿದಳು.

ಮೇಷ್ಟ್ರು ನಡಿಗೆ ನಿಧಾನ ಮಾಡಲಿಲ್ಲ.

"ಉಸಿರಿನ ಮೇಲೆ ಗಮನ ಇಡಮ್ಮಾ," ಎಂದರು. "ಸೊಸೆ ಕಥೆ ಮುಗೀಲಿ, ಕಾಫಿ ಕುಡಿಸಿ ಕಳಿಸ್ತಾಳೆ."