ಮಾವನವರ ಎಲೆ ರಾಶಿ, ಎರಡು ನಾಯಿ ಮತ್ತು ನಾನು

ನಮ್ಮ ಮಾವನವರು ನನಗೆ ಕೊಟ್ಟ ಮೊದಲ ಉಡುಗೊರೆ ಪೊರಕೆ. ಮದುವೆಯಲ್ಲಿ ಉಂಗುರ, ವಾಚು ಕೊಟ್ಟಿರಲಿಲ್ಲವೇ ಎಂದರೆ ಕೊಟ್ಟಿದ್ದರು, ಆದರೆ ಅವನ್ನೆಲ್ಲ ಆರಿಸಿದ್ದು ಅತ್ತೆ. ಮಾವನವರು ತಾವಾಗಿಯೇ ಯೋಚಿಸಿ, ಕೈಯಾರೆ ಕಟ್ಟಿ, ನನ್ನ ಎತ್ತರಕ್ಕೆ ಸರಿಹೋಗುತ್ತದೆಯೇ ಎಂದು ಎರಡು ಸಲ ಅಳೆದು ಕೊಟ್ಟದ್ದು ಆ ತೆಂಗಿನ ಕಡ್ಡಿ ಪೊರಕೆ ಒಂದನ್ನೇ. ಅಳಿಯನಿಗೆ ಪೊರಕೆ ಕೊಡುವ ಪದ್ಧತಿ ಕೋಲಾರ ಜಿಲ್ಲೆಯಲ್ಲಿ ಇದೆಯೇ? ಇಲ್ಲವಂತೆ. ನಾಲ್ಕು ಕಡೆ ವಿಚಾರಿಸಿದ್ದೇನೆ.

ನಾನು ಮದ್ದೂರಿನ ಕಡೆಯವನು. ನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೆಂಡತಿ ಕೋಲಾರದ ಶಾಲೆಯೊಂದರಲ್ಲಿ ಟೀಚರು. ಬಾಡಿಗೆ ಮನೆ ಸಿಗುವ ತನಕ ಹದಿನೈದು ದಿನ ಇದ್ದರಾಯಿತೆಂದು ಸುಗಟೂರಿನ ಹತ್ತಿರ ಇರುವ ಅವಳ ತವರಿಗೆ ಹೋದೆವು. ಆ ಹದಿನೈದು ದಿನಕ್ಕೆ ಈಗ ಮೂರನೇ ತಿಂಗಳು. ನನ್ನದು ಎರಡನೇ ಪಾಳಿ, ಕಂಪನಿ ಬಸ್ಸು ಬರುವುದು ಮಧ್ಯಾಹ್ನ ಒಂದಕ್ಕೆ. ಅಂದರೆ ಬೆಳಿಗ್ಗೆಯೆಲ್ಲ ನಾನು ಖಾಲಿ. ಮಾವನವರ ಕಣ್ಣಿಗೆ ಬಿದ್ದದ್ದು ಅದೇ.

ಮಾವನವರು ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಹುಟ್ಟಿದ್ದು ಮುಳಬಾಗಿಲಿನಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರಿನಲ್ಲಿ. ನನ್ನ ಜೊತೆ ಮಾತಾಡುವಾಗ ಅಚ್ಚುಕಟ್ಟಾಗಿ ಕನ್ನಡದಲ್ಲಿ ಶುರುಮಾಡುತ್ತಾರೆ. ಮಾತು ಗಿಡಮರಕ್ಕೋ ನಾಯಿಗೋ ತಿರುಗಿತೆಂದರೆ ಮಾತ್ರ ಅವರಿಗೇ ಗೊತ್ತಿಲ್ಲದ ಹಾಗೆ ತೆಲುಗಿಗೆ ಹೊರಳುತ್ತಾರೆ. ಮನೆಯ ಮಿಕ್ಕವರಿಗೆ ಇದು ಗಮನಕ್ಕೇ ಬರುವುದಿಲ್ಲ. ನನಗೋ, ಇದ್ದಕ್ಕಿದ್ದಂತೆ ಬಸ್ಸಿನಿಂದ ಇಳಿಸಿಬಿಟ್ಟ ಹಾಗಾಗುತ್ತದೆ.

ಹೋದ ಮೊದಲ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಂಗಳಕ್ಕೆ ಬಂದೆ. ಸಂಕ್ರಾಂತಿ ಕಳೆದಿತ್ತು, ಎಲೆ ಉದುರುವ ಕಾಲ. ಅಂಗಳದಲ್ಲಿ ಎರಡು ಹೊಂಗೆ ಮರ, ಒಂದು ಬಾದಾಮಿ ಮರ. ಮಾವನವರು ನಡುವೆ ನಿಂತು ನೆಲ ತೋರಿಸಿ, "ನೋಡಿ ಅಳಿಯಂದ್ರೇ, ಆಕು" ಎಂದರು.

ಹಾಕು ಅನ್ನುವುದನ್ನು ನಮ್ಮೂರಲ್ಲೂ ಆಕು ಅನ್ನುತ್ತಾರೆ. ಏನು ಹಾಕುವುದು? ಕೈಯಲ್ಲಿದ್ದದ್ದು ಕಾಫಿ ಲೋಟ. ಅದನ್ನೇ ನೆಲದ ಮೇಲೆ ಇಟ್ಟೆ.

ಅವರು ಲೋಟವನ್ನೂ ನನ್ನನ್ನೂ ನೋಡಿದರು. "ಇಲ್ಲಿ ಮಾತ್ರ ಅಲ್ಲ, ಅಲ್ಲೂ ಆಕೇ" ಎಂದು ಬಾದಾಮಿ ಮರದ ಬುಡ ತೋರಿಸಿದರು. ಹೆಗಲ ಮೇಲಿನ ಟವಲ್ಲನ್ನು ಅಲ್ಲಿ ಹಾಕಿ ಬಂದೆ. ಇನ್ನೊಂದು ಸಲ ಅಂದಿದ್ದರೆ ಅಂಗಿಯನ್ನೂ ಬಿಚ್ಚಿ ಹಾಕುತ್ತಿದ್ದೆನೋ ಏನೋ. ಅಷ್ಟರಲ್ಲಿ ನನ್ನ ಹೆಂಡತಿ ಕಿಟಕಿಯಿಂದ ಕೂಗಿದಳು. "ರೀ, ಆಕು ಅಂದ್ರೆ ಎಲೆ. ತೆಲುಗಲ್ಲಿ ಎಲೆ."

ಆಮೇಲೆ ಪೊರಕೆ ಬಂತು. ಅತ್ತೆ ಅಡುಗೆಮನೆಯಿಂದ ಓಡಿಬಂದು, "ಅಳಿಯನ ಕೈಗೆ ಪೊರಕೆ ಕೊಡ್ತಾರಾ ಯಾರಾದ್ರೂ? ನೋಡ್ದೋರು ಏನಂತಾರೆ?" ಎಂದು ಬೇಡಿಕೊಂಡರು.

"ಏನಂತಾರೆ? ಚೆನ್ನಾಗಿ ಗುಡಿಸ್ತಾರೆ ಅಂತಾರೆ" ಎಂದರು ಮಾವನವರು.

ಗುಡಿಸುವುದಕ್ಕೂ ಅವರದೊಂದು ಕ್ರಮ. ಮೂಡಲಿಂದ ಪಡುವಲಕ್ಕೆ ಗುಡಿಸಬೇಕು, ಎಲೆ ಮುರಿಯಬಾರದು, ಬೆಂಕಿ ಹಾಕುವ ಮಾತೇ ಎತ್ತಬಾರದು. ಒಂದೂವರೆ ಗಂಟೆ ಗುಡಿಸಿ ಸೊಂಟದೆತ್ತರ ಒಂದು ರಾಶಿ ಮಾಡಿದೆವು. ಮಾವನವರು ಅದನ್ನು ಒಂದು ಸುತ್ತು ಬಂದು ನೋಡಿ, ತೃಪ್ತಿಯಾಗಿ, ನಾಯಿಗಳನ್ನು ಬಿಟ್ಟರು. ಎರಡು ಮುಧೋಳ ನಾಯಿಗಳು ಬಾಣದಂತೆ ಬಂದು ರಾಶಿಯೊಳಕ್ಕೆ ನುಗ್ಗಿ, ಹತ್ತು ಸಲ ಸುತ್ತಿ, ಕೆದರಿ, ಎಲೆಯನ್ನೆಲ್ಲ ಅಂಗಳದ ತುಂಬ ಹರಡಿ, ಮಿಕ್ಕಷ್ಟರ ಮೇಲೆ ಮಲಗಿಬಿಟ್ಟವು. ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಒಂದು ವಾರ ನೋಡಿ ಕೇಳಿದೆ.

"ಮಾವ, ದಿನಾ ಅವು ಹರಡೋದೇ ಆದ್ರೆ ನಾವು ಗುಡಿಸೋದ್ಯಾಕೆ?"

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನನ್ನು ನೋಡುವ ನೋಟ. "ಗುಡಿಸ್ದೆ ಇದ್ರೆ ಅವು ಎಲ್ಲಿ ಮಲಕ್ಕೊಂತವೆ?"

ಇದರಲ್ಲಿ ಎಲ್ಲೋ ಒಂದು ತಪ್ಪಿದೆ ಎಂದು ನನಗೆ ಗೊತ್ತು. ಎಲ್ಲಿ ಎಂದು ಇವತ್ತಿಗೂ ಹೇಳಲಾರೆ.

ನಾಯಿಗಳ ಹೆಸರು ಪೆದ್ದೋಡು, ಚಿನ್ನೋಡು. ಎರಡನೆಯದು ಚಿನ್ನದಂಥದ್ದಿರಬೇಕು, ಮೊದಲನೆಯದು ಪಾಪ ಪೆದ್ದು ಇರಬೇಕು ಎಂದುಕೊಂಡೆ. ಆದರೆ ನೋಡಿದರೆ ಪೆದ್ದೋಡೇ ಬುದ್ಧಿವಂತ. ಗೇಟಿನ ಚಿಲಕ ಮೂತಿಯಿಂದ ತೆಗೆಯುತ್ತಾನೆ. ಇರಲಿ, ಹೆಸರಿಗೂ ಗುಣಕ್ಕೂ ಏನು ಸಂಬಂಧ ಎಂದು ಸುಮ್ಮನಿದ್ದೆ. ಗುಡಿಸುವುದು ಮುಗಿದ ಮೇಲೆ ನಾಯಿಗಳ ಜೊತೆ ಎರಡು ಗಂಟೆ ತಿರುಗಾಟ. ಹಿಪ್ಪುನೇರಳೆ ತೋಟ, ಹಾಲಿನ ಡೈರಿ, ಕೆರೆ ಏರಿ, ಟೊಮೆಟೊ ಹೊಲ. ಪ್ರತಿಯೊಂದೂ ಒಂದು ಸ್ಟಾಪು. ಅಲ್ಲಲ್ಲಿ ನಿಂತು ಮಾವನವರು ನಾಯಿಗಳಿಗೆ "ಕೂಸೋ" ಎನ್ನುವರು. ನಾನು ಕರಗಿಹೋದೆ. ಇಷ್ಟು ಗಡಸು ಮನುಷ್ಯ ನಾಯಿಯನ್ನು ಕೂಸು ಅನ್ನುತ್ತಾರಲ್ಲ ಎಂದು. ನಾನೂ ಮುದ್ದಿಗೆ "ಕೂಸು, ಬಾ ಕೂಸು" ಎಂದು ಕರೆಯತೊಡಗಿದೆ. ಕರೆದಾಗಲೆಲ್ಲ ಅವು ಇದ್ದಲ್ಲೇ ಕೂತುಬಿಡುತ್ತಿದ್ದವು. ನನ್ನನ್ನು ಕಂಡರೆ ಆಗುವುದಿಲ್ಲ ಎಂದು ನೊಂದುಕೊಂಡಿದ್ದೆ. ಕೂತ್ಕೋ ಅನ್ನುವುದಕ್ಕೆ ತೆಲುಗಿನಲ್ಲಿ ಕೂಸೋ ಎನ್ನುತ್ತಾರೆಂದು ತಿಳಿಯಲು ಇನ್ನೆರಡು ವಾರ ಬೇಕಾಯಿತು.

ಅಂಥ ಒಂದು ತಿರುಗಾಟದಲ್ಲಿ ಡೈರಿಯ ಮುಂದೆ ನಾಲ್ಕು ಜನ ನಿಂತಿದ್ದರು. ಒಬ್ಬರು ನನ್ನ ಕಡೆ ನೋಡಿ ಏನೋ ಕೇಳಿದರು. ಮಾವನವರು ಎದೆ ಮುಂದೆ ಮಾಡಿ ಹೇಳಿದರು: "ಮಾ ಪೆದ್ದಲ್ಲುಡು."

ಎಲ್ಲರೂ ನನ್ನನ್ನು ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು. ಪೆದ್ದ ಎಂದದ್ದು ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಆ ದಿನ ಊಟ ಸೇರಲಿಲ್ಲ. ಸಂಜೆ ಕಾರ್ಖಾನೆಯಿಂದ ಹೆಂಡತಿಗೆ ಫೋನು ಮಾಡಿ, ನಿಮ್ಮಪ್ಪ ಊರವರ ಮುಂದೆ ನನ್ನನ್ನು ಪೆದ್ದ ಅಂದರು ಎಂದು ದೂರಿದೆ. ಅವಳು ನಕ್ಕು ನಕ್ಕು ಸುಸ್ತಾಗಿ ಕೊನೆಗೆ ಹೇಳಿದಳು. ಪೆದ್ದ ಅಂದರೆ ದೊಡ್ಡ, ಚಿನ್ನ ಅಂದರೆ ಚಿಕ್ಕ. ಅವಳ ತಂಗಿಯ ಗಂಡ ಮಾಲೂರಿನಲ್ಲಿದ್ದಾನಲ್ಲ, ಅವನು ಚಿಕ್ಕ ಅಳಿಯ, ನಾನು ದೊಡ್ಡ ಅಳಿಯ. ನನಗೆ ಸಮಾಧಾನವಾಯಿತು. ಪೂರ್ತಿ ಆಗಲಿಲ್ಲ.

ಹೀಗಿರುವಾಗ ಮಾವನವರಿಗೆ ದವಡೆ ಹಲ್ಲು ನೋವು ಬಂತು. ಕೀಳಿಸಲು ಬೆಳಿಗ್ಗೆ ಏಳರ ಬಸ್ಸಿಗೆ ಕೋಲಾರಕ್ಕೆ ಹೊರಟರು. ಹೋಗುವ ಮುಂಚೆ ನಾಯಿಗಳ ಎರಡೂ ಬೆಲ್ಟನ್ನು ನನ್ನ ಕೈಗಿಟ್ಟು, "ಚಿನ್ನೋಡು ಮೊಲ ಕಂಡ್ರೆ ನಿಲ್ಲಲ್ಲ. ಬಿಗಿಯಾಗಿ ಹಿಡ್ಕೊಳ್ಳಿ" ಎಂದರು.

ಬಿಗಿಯಾಗಿಯೇ ಹಿಡಿದುಕೊಂಡಿದ್ದೆ. ಕೆರೆ ಏರಿ ಇಳಿಯುವಾಗ ಜಾಲಿ ಮೆಳೆಯಿಂದ ಮೊಲವೊಂದು ಹಾರಿತು. ಅಷ್ಟೇ ಗೊತ್ತು. ಆಮೇಲೆ ನಾನು ಇಳಿಜಾರಿನಲ್ಲಿ ಬೋರಲು ಬಿದ್ದಿದ್ದೆ, ಎರಡು ಮೊಣಕಾಲೂ ತರಚಿದ್ದವು, ಕೈಯಲ್ಲಿ ಬೆಲ್ಟು ಇರಲಿಲ್ಲ. ದೂರದ ನೀಲಗಿರಿ ತೋಪಿನ ಕಡೆ ಧೂಳು ಏಳುತ್ತಿತ್ತು.

ಕುಂಟುತ್ತ ಓಡಿದೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಹೆಂಗಸೊಬ್ಬರನ್ನು ಕೇಳಿದೆ. ಆಕೆ ಕುಡುಗೋಲಿನಿಂದಲೇ ದಿಕ್ಕು ತೋರಿಸಿ, "ಅಟ್ಲ ಪೋಯ್ನಾಯಿ" ಎಂದರು. ಕೊನೆಗೆ ನಾಯಿ ಎಂದದ್ದು ಕೇಳಿ, ಸದ್ಯ ನಾಯಿಗಾದರೂ ಎರಡು ಭಾಷೆಯಲ್ಲೂ ಒಂದೇ ಮಾತು ಇದೆಯಲ್ಲ ಎಂದು ಧೈರ್ಯ ಬಂತು. ತೋಪು ದಾಟಿದೆ, ಟೊಮೆಟೊ ಹೊಲ ದಾಟಿದೆ. ನಾಯಿಗಳ ಸುಳಿವಿಲ್ಲ. ಎಲ್ಲ ತೋಪೂ ಒಂದೇ ಥರ ಕಾಣತೊಡಗಿ, ನಾನು ಬಂದ ದಾರಿಯೂ ಮರೆಯಿತು. ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿದ್ದೆ.

ಒಂದು ಹಾಳು ಬಾವಿಯ ಕಟ್ಟೆಯ ಮೇಲೆ ಕೂತೆ. ದಾರಿ ಗೊತ್ತಿದ್ದರೂ ಯಾವ ಮುಖ ಹೊತ್ತು ಹೋಗುವುದು? ಮಾವನವರು ಆ ನಾಯಿಗಳನ್ನು ಅಂಗೈಯಷ್ಟು ಮರಿಗಳಿದ್ದಾಗ ತಂದು, ಹಾಲಲ್ಲಿ ಅದ್ದಿದ ಬಟ್ಟೆ ಚೀಪಿಸಿ ಬೆಳೆಸಿದ್ದರಂತೆ. ಹೊತ್ತು ನೆತ್ತಿಗೆ ಬಂತು. ಕಂಪನಿ ಬಸ್ಸು ಹೋಗಿರಬೇಕು. ಕೆಲಸಕ್ಕೆ ಹೋಗದಿದ್ದರೆ ಒಂದು ದಿನದ ರಜೆ. ಇದಕ್ಕೆ ಯಾವ ರಜೆ ಹಾಕಲಿ?

ಆಗ ತೋಪಿನಾಚೆಯಿಂದ ಮಾವನವರ ದನಿ ಕೇಳಿಸಿತು. ಬಾಯಲ್ಲಿ ಏನೋ ತುಂಬಿಕೊಂಡು ಕೂಗಿದ ಹಾಗೆ. "ನಾಯ್ನಾ... ಓ ನಾಯ್ನಾ..."

ನಾಯಿ ಹುಡುಕಿಕೊಂಡು ಬಂದೇಬಿಟ್ಟರು ಎಂದುಕೊಂಡೆ. ಸತ್ಯ ಹೇಳುತ್ತೇನೆ, ಬಾವಿ ಕಟ್ಟೆಯ ಹಿಂದೆ ಬಗ್ಗಿ ಕೂತೆ. ಮೂವತ್ತೈದು ವರ್ಷದ ಮನುಷ್ಯ. ದನಿ ಹತ್ತಿರ ಬಂತು, ಒಡೆಯಿತು, ಕೆಮ್ಮಿತು, ಮತ್ತೆ ಕೂಗಿತು. ತಡೆಯಲಾಗದೆ ಎದ್ದು ನಿಂತು ಹೇಳಿದೆ. "ನಾಯಿ ಸಿಗ್ಲಿಲ್ಲ ಮಾವ."

ಅವರು ಟವಲ್ಲಿನಿಂದ ಬಾಯಿ ಒತ್ತಿ ಹಿಡಿದಿದ್ದರು. ಟವಲ್ಲು ಕೆಂಪಾಗಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಮೊಣಕಾಲು ನೋಡಿದರು, ಬಗ್ಗಿ ಅಂಟಿದ ಮಣ್ಣು ಕೊಡವಿದರು. ನನ್ನ ಮುಂಗೈ ಹಿಡಿದು ನಡೆಸಿಕೊಂಡು ಹೊರಟರು.

ಮನೆಯಲ್ಲಿ ಪೆದ್ದೋಡು, ಚಿನ್ನೋಡು ಎಲೆಯ ಮೇಲೆ ಕಾಲು ಚಾಚಿ ಮಲಗಿದ್ದವು. ಒಂಬತ್ತಕ್ಕೆ ಮುಂಚೆಯೇ ತಾವಾಗಿ ಬಂದಿದ್ದವಂತೆ. ಅತ್ತೆ ಹೇಳಿದರು. "ಡಾಕ್ಟ್ರು ಒಂದಿನ ಬಾಯಿ ಬಿಡಬೇಡಿ ಅಂದವ್ರೆ. ಬಸ್ಸಿಳಿದು ಬಂದ್ರು, ನಾಯಿ ಬಂದವೆ, ಅಳಿಯ ಬಂದಿಲ್ಲ ಅಂದೆ. ನೀರೂ ಕುಡೀಲಿಲ್ಲ, ಹಂಗೇ ಹೋದ್ರು."

ಹೆಂಡತಿ ಶಾಲೆಯಿಂದ ಬಂದ ಮೇಲೆ ಮೊಣಕಾಲಿಗೆ ಅರಿಶಿನ ಹಚ್ಚುತ್ತ ಎಲ್ಲ ಕೇಳಿದಳು. ಹೇಳಿದೆ. ಒಂದು ಮಾತು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿತ್ತು, ಅದನ್ನೂ ಹೇಳಿದೆ. "ನಾಯಿ ಮನೆಗೆ ಬಂದಿದ್ದು ಅವರಿಗೆ ಗೊತ್ತಿತ್ತು ತಾನೇ? ಆದ್ರೂ ದಾರಿಯುದ್ದಕ್ಕೂ ನಾಯಿ ನಾಯಿ ಅಂತಲೇ ಕೂಗಿದ್ರು. ನನ್ನ ಒಂದ್ಸಲಾನೂ ಕರೀಲಿಲ್ಲ."

"ಏನಂತ ಕೂಗಿದ್ರು?"

"ನಾಯ್ನಾ ಅಂತ."

ಅರಿಶಿನದ ಕೈ ನಿಂತಿತು. ಈ ಸಲ ಅವಳು ನಗಲಿಲ್ಲ. "ಅದು ನಾಯಿ ಅಲ್ಲ ರೀ. ತೆಲುಗಲ್ಲಿ ನಾಯಿಗೆ ಕುಕ್ಕ ಅಂತಾರೆ, ಆ ಹೆಂಗಸು ಪೋಯ್ನಾಯಿ ಅಂದಿದ್ದೂ ಹೋದವು ಅಂತ. ನಾಯ್ನಾ ಅಂದ್ರೆ ಅಪ್ಪ. ಮಗನನ್ನ ಮುದ್ದಿಗೆ ಅಪ್ಪಾ ಅಂತ ಕರೆಯಲ್ವಾ, ಹಂಗೆ." ಅರಿಶಿನದ ಬಟ್ಟಲು ಕೆಳಗಿಟ್ಟು ಮತ್ತೆ ಹೇಳಿದಳು. "ನಮ್ಮಪ್ಪ ಯಾರನ್ನೂ ಹಂಗೆ ಕರೆದಿದ್ದು ನಾನು ಕೇಳಿಲ್ಲ."

ನಾನು ಎದ್ದು ಹೊರಗೆ ಬಂದೆ. ಮಾವನವರು ಜಗಲಿಯ ಮೇಲೆ ಕೂತು, ಕೆನ್ನೆ ಊದಿಸಿಕೊಂಡು, ತಣ್ಣಗಿನ ರಾಗಿ ಗಂಜಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಯಾವ ಭಾಷೆಯಲ್ಲಿ ಮಾತಾಡಬೇಕೆಂದು ತಿಳಿಯಲಿಲ್ಲ. ಅವರ ಮುಂದೆ ನಿಂತು, "ಓ" ಎಂದೆ.

ಅವರು ತಲೆಯೆತ್ತಿ, ಏನು ಎಂಬಂತೆ ಹುಬ್ಬು ಹಾರಿಸಿದರು.

"ಮಧ್ಯಾಹ್ನ ಕರೆದ್ರಲ್ಲ ಮಾವ. ಆಗ ಓಗೊಡಲಿಲ್ಲ."

ಅವರಿಗೆ ಅರ್ಥವಾಯಿತೋ ಇಲ್ಲವೋ. ಗಂಜಿಯ ಲೋಟವನ್ನು ಆಚೆ ಸರಿಸಿ, ಜಗಲಿಯ ಮೇಲೆ ನನಗಿಷ್ಟು ಜಾಗ ಬಿಟ್ಟು ಕೂತರು.